ಬಾಚಣಿಗೆ ಅಂಗಡಿಯ ಖಾತೆ

ಹೆಗ್ಗಣ ಡೊಳ್ಳಪ್ಪನಂಥ ವ್ಯಾಪಾರಿ ಮೂರು ಲೋಕದಲ್ಲೂ ಇರಲಿಲ್ಲ. ಅವನು ಮೀಸೆ ತಿರುವಿದರೆ ಆಚೆ ಊರಿನ ಅಂಗಡಿಗಳು ತಾವಾಗಿಯೇ ಬಾಗಿಲು ಹಾಕಿಕೊಳ್ಳುತ್ತಿದ್ದವು. ಆನ್‌ಲೈನಿನಲ್ಲಿ ಅವನು ಬಾಚಣಿಗೆಗೊಂದು, ದಿಂಬಿಗೊಂದು, ಕೊಡೆಗೊಂದು ಅಂಗಡಿ ಇಟ್ಟಿದ್ದ. ಮೂರರ ಕಾರ್ಡ್ ಹಣವೂ ಬಾಚಣಿಗೆ ಅಂಗಡಿಯ ಹೆಸರಿನ ಒಂದೇ ಖಾತೆಗೆ ಬೀಳುತ್ತಿತ್ತು. ಮಳೆಗಾಲಕ್ಕೆ ಮರಿಗಳಿಗೆ ಕಾಳು ತರಬೇಕಾದದ್ದೂ ಅದರಿಂದಲೇ.

“ಅಣ್ಣಾ, ಅಂಗಡಿಗೊಂದು ಖಾತೆ ಮಾಡಿಸು,” ಎಂದಿತು ಅವನ ಲೆಕ್ಕ ಬರೆಯುವ ಇರುವೆ.

“ಹೋಗೇ! ಮೂರು ಶುಲ್ಕ ಕಟ್ಟಲು ನನಗೇನು ತಲೆ ಕೆಟ್ಟಿದೆಯೇ?”

ಮುಂಗಾರಿನ ಹೊತ್ತಿಗೆ ಕಪ್ಪೆಗಳು ಕೊಡೆ ಕೊಂಡವು. ಆಮೇಲೆ ಕಾರ್ಡಿನ ಲೆಕ್ಕದಲ್ಲಿ ಬಾಚಣಿಗೆ ಅಂಗಡಿಯ ಹೆಸರು ನೋಡಿ ಬೆಚ್ಚಿ, ಬ್ಯಾಂಕಿನ ಆಮೆಯ ಬಳಿ ಕುಪ್ಪಳಿಸಿಕೊಂಡು ಬಂದವು. “ಸ್ವಾಮೀ, ಈ ಬೋಳು ತಲೆಗೆ ಬಾಚಣಿಗೆ ಯಾಕೆ? ಯಾರೋ ನಮ್ಮ ಹಣ ಕದ್ದಿದ್ದಾರೆ!”

ಆಮೆ ಡೊಳ್ಳಪ್ಪನ ಖಾತೆಯನ್ನೇ ತಡೆಹಿಡಿಯಿತು. ಮೂರು ಅಂಗಡಿಗಳೂ ನಿಂತವು.

ಡೊಳ್ಳಪ್ಪ ಓಡಿಬಂದ. “ನಾನು ಯಾರಿಗೂ ಮೋಸ ಮಾಡಿಲ್ಲ, ಸ್ವಾಮೀ!”

“ಇರಬಹುದು. ಆದರೆ ನೀವು ನಮ್ಮಲ್ಲಿ ಬರೆಸಿದ್ದು ಬಾಚಣಿಗೆ ವ್ಯಾಪಾರ ಮಾತ್ರ. ವಿಚಾರಣೆ ಮುಗಿಯಲಿ. ನನ್ನ ನಡಿಗೆ ನಿಮಗೆ ಗೊತ್ತಲ್ಲ,” ಎಂದು ಆಮೆ ತಲೆ ಒಳಗೆಳೆದುಕೊಂಡಿತು.

ಮಳೆ ಹಿಡಿಯಿತು. ಡೊಳ್ಳಪ್ಪ ಬರಿಗೈಯಲ್ಲಿ ಬಿಲದ ಬಾಯಿಗೆ ಬಂದ. ಒಳಗೆ ಕಿರಿಯ ಮರಿ ಹೇಳುತ್ತಿತ್ತು: “ಅಪ್ಪ ಇಷ್ಟು ತಡ ಮಾಡಿದ್ದಾರೆ ಅಂದರೆ ಮೂಟೆ ಬಹಳ ದೊಡ್ಡದಿರಬೇಕು.”

ಡೊಳ್ಳಪ್ಪ ಒಳಗೆ ಹೋಗಲಾರದೆ ಹೊರಗೇ ನೆನೆಯುತ್ತ ನಿಂತ.