ಕಣ್ಣು ಬರೆಯದ ಚಿತ್ರ

ನರರೋಗ ವೈದ್ಯರೊಬ್ಬರ ಕೋಣೆಯ ಗೋಡೆಯ ಮೇಲೆ ಹಳೆಯ ಚಿತ್ರವೊಂದಿತ್ತು. ಗಿಳಿಯ ಮಾತಿಗೆ ಕಿವಿಗೊಟ್ಟು, ಕತ್ತು ವಾಲಿಸಿ ಕೂತ ಹೆಂಗಸಿನ ಚಿತ್ರ ಅದು. ಒಂದು ದಿನ ಅದರ ಎದುರಿನ ದೀಪದ ಹಲಗೆಗೆ ಪುಟ್ಟಗೌರಮ್ಮ ಎಂಬ ರೋಗಿಯ ಮಿದುಳಿನ ಸ್ಕ್ಯಾನ್ ಹಾಳೆಯನ್ನು ಸಿಕ್ಕಿಸಿದರು.

"ಗಮನ ಅಂದರೆ ನೀನೇ ಎಂದು ಎಲ್ಲರೂ ಹೊಗಳುತ್ತಾರಂತೆ," ಎಂದಿತು ಹಾಳೆ. "ನಿನ್ನದು ಬರೀ ಬಣ್ಣ. ನಿಜವಾದದ್ದು ನನ್ನೊಳಗಿದೆ, ನೋಡು. ಮಗಳ ದನಿ ಕೇಳಿಸಿದಾಗ ಪುಟ್ಟಗೌರಮ್ಮನ ತಲೆಯೊಳಗೆ ಹೊತ್ತಿಕೊಂಡ ಕೆಂಪು ಇದು."

"ನೋಡಲಾರೆ," ಎಂದಿತು ಚಿತ್ರ. "ಕಣ್ಣುಗುಡ್ಡೆಯನ್ನು ಎಲ್ಲಕ್ಕಿಂತ ಕೊನೆಗೆ, ಒಳ್ಳೆಯ ದಿನ ನೋಡಿ ಬರೆಯುವುದು ನನ್ನ ಚಿತ್ರಗಾರನ ಪದ್ಧತಿ. ಆ ದಿನ ಬರುವ ಮೊದಲೇ ಅವನು ತೀರಿಕೊಂಡ. ನೂರು ವರ್ಷದಿಂದ ಬರೀ ಕೇಳುತ್ತಿದ್ದೇನೆ."

ಅಷ್ಟರಲ್ಲಿ ಪುಟ್ಟಗೌರಮ್ಮನೇ ಒಳಗೆ ಬಂದು ಕೂತರು. ವೈದ್ಯರು ಹಾಳೆಯ ಮೇಲೆ ಬೆರಳಿಟ್ಟು, "ಇಲ್ಲಿ ನೋಡಿ ಅಮ್ಮ," ಎಂದರು.

ಆಕೆ ಅತ್ತ ತಿರುಗಲೇ ಇಲ್ಲ. "ಡಾಕ್ಟ್ರೇ, ಆ ಚಿತ್ರದಲ್ಲಿರೋಳಿಗೆ ಕಣ್ಣೇ ಬರೆದಿಲ್ವಲ್ಲ! ಚಿಕ್ಕವಳಿದ್ದಾಗ ನನ್ನ ಮಗಳೂ ಹಿಂಗೇ ಕತ್ತು ವಾಲಿಸ್ಕೊಂಡು ನನ್ನ ಮಾತು ಕೇಳ್ತಿದ್ಲು."

ಚಿತ್ರ ಹಾಳೆಯನ್ನು ಕರೆಯಿತು. "ಹಾಳೆಯೇ, ಆಕೆ ನನ್ನನ್ನೇ ನೋಡುತ್ತಿದ್ದಾರೆ. ನನ್ನನ್ನು ಇಷ್ಟು ಮನಸ್ಸಿಟ್ಟು ನೋಡಿದವರು ಬೇರೆ ಯಾರೂ ಇಲ್ಲ. ಆಕೆಯ ತಲೆಯೆಲ್ಲ ನಿನ್ನೊಳಗಿದೆಯಲ್ಲ, ಬೇಗ ಹೇಳು. ಈಗ ಆಕೆಯ ಮುಖ ಹೇಗಿದೆ?"

ಹಾಳೆ ತನ್ನೊಳಗೆಲ್ಲ ಹುಡುಕಿತು. ತಲೆಬುರುಡೆ ಇತ್ತು, ಮಿದುಳಿನ ಮಡಿಕೆಗಳೆಲ್ಲ ಇದ್ದವು, ಆ ಕೆಂಪೂ ಇತ್ತು. ಮುಖ ಮಾತ್ರ ಎಲ್ಲೂ ಇರಲಿಲ್ಲ.