ಹಣತೆಗೊಂದು ಆವಿಗೆ

"ಗುರುಗಳೇ, ನನ್ನ ಮೂವರು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದೇನೆ. ಮೂವರದೂ ಮೂರು ವಯಸ್ಸು. ಸೋಮವಾರ ಕಟ್ಟಿದ ಕ್ರಮ ಬುಧವಾರದವರೆಗೆ ನಿಲ್ಲುವುದಿಲ್ಲ. ಏನು ಮಾಡಲಿ?" ಎಂದು ಶಿಷ್ಯೆ ಸಾಕಮ್ಮ ಕೇಳಿದಳು.

ಚಹದಂಗಡಿಯ ಬೆಂಚಿನ ಮೇಲಿದ್ದ ಗುರುಗಳು ಲೋಟ ಕೆಳಗಿಟ್ಟರು.

"ಸರಿಯಾದವನನ್ನೇ ಕೇಳಿದೆ. ಓದುವಾಗ ಜನ್ಮದಲ್ಲಿ ಒಂದು ಸಾಲೂ ತಪ್ಪದವನು ಈ ಸೀಮೆಯಲ್ಲಿ ನಾನೊಬ್ಬನೇ" ಎಂದರು. ಒಂದು ಗುಟುಕು ಕುಡಿದು, "ಅದು ಸುಳ್ಳು. ಒಂದು ಸಾಲು ತಪ್ಪಿದ್ದೇನೆ. ಇರಲಿ, ಕತೆ ಕೇಳು" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಅವನಿಗೆ ಹನ್ನೆರಡು ವರ್ಷದ ಮಗ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಕಿರಿಮಗಳು. ಊರಿನಲ್ಲಿ ಶಾಲೆ ಇರಲಿಲ್ಲ. ಮಕ್ಕಳ ಸೋದರಮಾವ ಪೇಟೆಯ ವ್ಯಾಪಾರಿ. "ಯುಗಾದಿಗೆ ಬಂದು ನೋಡುತ್ತೇನೆ. ಓದು ಬಾರದ ಮಕ್ಕಳನ್ನು ಪೇಟೆಯ ಶಾಲೆಗೆ ಹಾಕಲು ನನ್ನ ಜೊತೆ ಕರೆದೊಯ್ಯುತ್ತೇನೆ" ಎಂದು ಹೇಳಿ ಕಳಿಸಿದ. ಹೋದ ಮಳೆಗಾಲ ಮನೆ ನಡೆದದ್ದು ಅವನ ಅಕ್ಕಿಯಿಂದ. ಕುಂಬಾರ ಬೇಡವೆನ್ನುವ ಹಾಗಿರಲಿಲ್ಲ.

ಕುಂಬಾರನಿಗೆ ಓದು ಬರುತ್ತಿತ್ತು. ಬೆಳಿಗ್ಗೆ ದೊಡ್ಡವನಿಗೆ, ಮಧ್ಯಾಹ್ನ ಮಗಳಿಗೆ, ಸಂಜೆ ಕಿರಿಯವಳಿಗೆ ಎಂದು ಪಾಠ ಗೊತ್ತುಮಾಡಿದ. ಒಬ್ಬರಿಗೆ ಕಲಿಸುವಾಗ ಇನ್ನಿಬ್ಬರು ಜಗಳಕ್ಕೆ ಬಿದ್ದರು. ಕಲಸಿಟ್ಟ ಮಣ್ಣು ಒಣಗಿತು. ಸಂಜೆಯ ಸರದಿ ಬರುವ ಹೊತ್ತಿಗೆ ಕಿರಿಯವಳೂ ಮಲಗಿರುತ್ತಿದ್ದಳು, ಅವಳಿಗೆ ಕಲಿಸಬೇಕಾದವನೂ ಮಲಗಿರುತ್ತಿದ್ದ.

ಹೆಂಡತಿ ಒಂದು ತಿಂಗಳು ಸುಮ್ಮನೆ ನೋಡಿದಳು. ಆಮೇಲೆ ಹೇಳಿದಳು: "ಗುಡಾಣಕ್ಕೊಂದು, ಮಡಕೆಗೊಂದು, ಹಣತೆಗೊಂದು ಆವಿಗೆ ಹಚ್ಚೋ ಕುಂಬಾರನ್ನ ನನ್ನ ತವರಲ್ಲಂತೂ ಕಂಡಿಲ್ಲಪ್ಪ."

ಕುಂಬಾರ ಹಿತ್ತಿಲಿಗೆ ಹೋಗಿ ಮಡಕೆ ಸುಡುವ ಆವಿಗೆಯ ಮುಂದೆ ನಿಂತ. ತಳದಲ್ಲಿ ದೊಡ್ಡ ಗುಡಾಣ, ಅದರ ಮೇಲೆ ಮಡಕೆ, ನಡುವಿನ ಸಂದುಗಳಲ್ಲಿ ಹಣತೆ. ಬೆಂಕಿ ಒಂದೇ. ಇಪ್ಪತ್ತು ವರ್ಷ ಹೀಗೆಯೇ ಸುಟ್ಟವನು ಮನೆಯೊಳಗೆ ಬಂದು ಅದನ್ನು ಮರೆತಿದ್ದ.

ಮರುದಿನ ಗಂಜಿ ಕುಡಿದ ಮೇಲೆ ಮೂವರೂ ಒಂದೇ ಚಾಪೆಯ ಮೇಲೆ ಕೂತರು. ಮನೆಯಲ್ಲಿದ್ದದ್ದು ಒಂದೇ ಕತೆಪುಸ್ತಕ. ದೊಡ್ಡವನು ಒಂದು ಪುಟ ಗಟ್ಟಿಯಾಗಿ ಓದಿದ. ಮಗಳು ಅದರಲ್ಲಿನ ಕಷ್ಟದ ಮಾತುಗಳನ್ನು ಸ್ಲೇಟಿನ ಮೇಲೆ ಬರೆದಳು. ಕಿರಿಯವಳು ಹಸಿ ಮಣ್ಣಿನಲ್ಲಿ ಒಂದಕ್ಷರ ತಿದ್ದಿದಳು, ಆಮೇಲೆ ಆ ಕತೆಯನ್ನು ತಾಯಿಗೆ ಒಪ್ಪಿಸಿದಳು. ಕುಂಬಾರ ತಿಗರಿ ತಿರುಗಿಸುತ್ತಲೇ ಎಲ್ಲರನ್ನೂ ತಿದ್ದಿದ. ತಿಗರಿ ನಿಂತಾಗ ಆ ದಿನದ ಪಾಠವೂ ಮುಗಿಯುತ್ತಿತ್ತು. ಹಬ್ಬ ಬಂದರೂ ನೆಂಟರು ಬಂದರೂ ಚಾಪೆ ಹಾಸುವುದು ತಪ್ಪಲಿಲ್ಲ.

ಯುಗಾದಿಗೆ ಮಾವ ಗಾಡಿ ಕಟ್ಟಿಕೊಂಡು ಬಂದ. ಮಕ್ಕಳು ಕೂರಲೆಂದು ಹುಲ್ಲು ಹಾಸಿಕೊಂಡೇ ಬಂದಿದ್ದ. ದೊಡ್ಡವನು ಓದಿ ತೋರಿಸಿದ. ಮಗಳಿಗೆ ನಾಚಿಕೆಯಿಂದ ಬಾಯಿ ಬರಲಿಲ್ಲ. ಕಿರಿಯವಳು ತಾಯಿಯ ಸೆರಗಿನ ಹಿಂದೆ ಅಡಗಿದಳು.

"ದೊಡ್ಡವನು ಪರವಾಗಿಲ್ಲ ಭಾವ. ಇವರಿಬ್ಬರು ಗಾಡಿ ಹತ್ತಲಿ" ಎಂದ ಮಾವ.



"ಇನ್ನೊಂದು ಪುಟ ಕೇಳಿ ಹೋಗಿ ಮಾವ" ಎಂದು ದೊಡ್ಡವನು ಮತ್ತೆ ಪುಸ್ತಕ ತೆಗೆದ. ನರಿಯ ಕತೆ. ಅರ್ಧ ಪುಟ ಆಗಿರಲಿಲ್ಲ, ಸೆರಗಿನ ಹಿಂದಿನಿಂದ ದನಿ ಬಂತು.

"ಅಣ್ಣಾ, ನರಿ ಇನ್ನೂ ನೀರೇ ಕುಡಿದಿಲ್ಲ. ಆಗಲೇ ಮಲಗಿಸಿಬಿಟ್ಯಲ್ಲ."

ನಾಚಿಕೊಂಡಿದ್ದ ಮಗಳು ಎದ್ದು ಬಂದು ಪುಟದ ಮೇಲೆ ಬೆರಳಿಟ್ಟಳು. "ಇಗೋ, ಇಲ್ಲಿ ಬಿಟ್ಟ" ಎಂದು ಆ ಸಾಲನ್ನು ತಡವರಿಸದೆ ಓದಿದಳು.

ಮಾವ ಕನ್ನಡಕ ಹಾಕಿಕೊಂಡು ನೋಡಿದ. ಸಾಲು ಅಲ್ಲೇ ಇತ್ತು.

"ಈ ಚೋಟುದ್ದದವಳಿಗೆ ಯಾವಾಗ ಕಲಿಸಿದ್ರಿ?" ಎಂದ.

"ನಮ್ಮನೇಲಿ ಆವಿಗೆ ಒಂದೇ ಅಣ್ಣ" ಎಂದಳು ಕುಂಬಾರನ ಹೆಂಡತಿ. ಹೇಳುವಾಗ ಅವಳ ತಲೆ ಸ್ವಲ್ಪ ಮೇಲೆಯೇ ಇತ್ತು.

ಮಾವ ಗಾಡಿಯ ಆ ಹುಲ್ಲಿನ ಮೇಲೆ ಒಂದು ಗುಡಾಣ ಇಟ್ಟುಕೊಂಡು ಪೇಟೆಗೆ ಹೋದ. ಆ ಸಂಜೆ ಕುಂಬಾರ ಮೂವರನ್ನೂ ಮುಂದೆ ಬಿಟ್ಟುಕೊಂಡು, ಯಾವ ಕೆಲಸವೂ ಇಲ್ಲದೆ, ಊರ ಬೀದಿಯಲ್ಲಿ ಎರಡು ಸಲ ಓಡಾಡಿದ.

ಗುರುಗಳು ಕತೆ ನಿಲ್ಲಿಸಿದರು. ಸಾಕಮ್ಮನಿಗೆ ತನ್ನ ದೊಡ್ಡ ಮಗನ ನೆನಪಾಯಿತು.

"ಚಿಕ್ಕವರೇನೋ ಗೆದ್ದರು ಗುರುಗಳೇ. ಆದರೆ ಅವರ ಜೊತೆ ಕೂತು ಆ ದೊಡ್ಡ ಹುಡುಗ ಕಲಿತದ್ದೇನು? ಕೊನೆಗೆ ಮಾವನ ಎದುರು ತಪ್ಪಿ ಓದಿದ, ಅಷ್ಟೇ ತಾನೇ?"

ಗುರುಗಳು ಎದ್ದು ಹೆಗಲ ಮೇಲೆ ವಸ್ತ್ರ ಹಾಕಿಕೊಂಡರು.

"ಆ ಸಾಲನ್ನು ನಾನು ಬೇಕೆಂದೇ ಬಿಟ್ಟೆ ಸಾಕಮ್ಮ, ಚಹದ ದುಡ್ಡು ನೀನು ಕೊಟ್ಟು ಬಾ."