ಸವಕಲು ದಿಬ್ಬ

ಕಡೇಗಟ್ಟಿಯ ಕೆರೆ ಏರಿ ಮುಗಿಯುವಲ್ಲಿ ಸವಕಲು ದಿಬ್ಬವಿದೆ. ಹತ್ತಲು ನೂರು ಹೆಜ್ಜೆಯೂ ಬೇಡ. ಮೇಲೆ ಜಾಲಿ ಗಿಡಗಳ ನಡುವೆ ಆರು ವೀರಗಲ್ಲುಗಳು ಸಾಲಾಗಿ ನಿಂತಿವೆ. ಐದರಲ್ಲಿ ಅಕ್ಷರಗಳು ನೆಟ್ಟಗಿವೆ. ಮೊದಲನೆಯದರಲ್ಲಿ ಅಕ್ಷರವಿರಬೇಕಾದಲ್ಲಿ ನುಣುಪಾದ ತಗ್ಗು ಮಾತ್ರ. ಸವೆದದ್ದು ಸವಕಲು, ಇದರಲ್ಲಿ ಹೇಳುವುದೇನಿದೆ ಎಂದು ಹಲವರು ಮುಂದೆ ಹೋಗಿಬಿಡುತ್ತಾರೆ. ಸವೆಸಿದ್ದು ಮಳೆಯಲ್ಲ, ಒಬ್ಬ ಹೆಂಗಸಿನ ಕೈ. ಹೇಳಿದ್ದನ್ನೇ ಹೇಳುವವನನ್ನು ಈ ಊರಲ್ಲಿ 'ಸವಕಲು ಬಾಯಿಯವ' ಎಂದು ಜರೆಯುವುದೂ ಅವಳಿಂದಲೇ ಬಂತು ಎನ್ನುತ್ತಾರೆ.

ಹಿಂದೆ ಒಮ್ಮೆ, ದನಗಳ್ಳರು ಊರಿಗೆ ನುಗ್ಗಿದ ದಿನ, ಬೈಚನೆಂಬವನು ಕತ್ತಿ ಹಿಡಿದು ಅವರ ಬೆನ್ನಟ್ಟಿದ. ಹೊಸ್ತಿಲು ದಾಟುವಾಗ ಹೆಂಡತಿ ಮಾಚವ್ವೆಗೆ "ಎಸರಿಡು, ಬಂದೆ" ಎಂದ. ದನಗಳು ಮರಳಿದವು, ಅವನು ಮರಳಲಿಲ್ಲ. ಆಗಿನ ವೀರಗಲ್ಲುಗಳಲ್ಲೆಲ್ಲ ಒಂದೇ ಬರಹ: ಹಗೆಗಳನ್ನು ಕೊಂದ, ಸ್ವರ್ಗಕ್ಕೆ ಹೋದ. ಮಾಚವ್ವೆಗೆ ಅದು ಬೇಡವಾಗಿತ್ತು. ಕಲ್ಲುಕುಟಿಗ ಬಮ್ಮೋಜ ಬೈಚನ ಜೀವದ ಗೆಳೆಯ, ಅವನನ್ನೇ ಕರೆಸಿದಳು.

"ಅಣ್ಣಾ, ಹೋಗೂಮುಂದ ಅವರು ನನಗ ಅಂದದ್ದು ಇದೊಂದ ಮಾತು. ಇದನ್ನ ಕೆತ್ತು. ಮತ್ತೊಂದು ಕಲ್ಲಿನ ಮ್ಯಾಲೆ ಮಾತ್ರ ಬರಬಾರದು."

ಬಮ್ಮೋಜ ಉಳಿ ಮುಟ್ಟಿ ಆಣೆ ಮಾಡಿದ. ಮಾಚವ್ವೆಗೆ ಓದು ಬರದು. ದಿನವೂ ದಿಬ್ಬ ಹತ್ತಿ, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ, ಗಂಡನ ದನಿಯನ್ನು ಮತ್ತೆ ಕೇಳಿದಂತಾಗಿ ಇಳಿದು ಬರುತ್ತಿದ್ದಳು. ವರುಷಗಳು ಉರುಳಿ, ಪಕ್ಕದಲ್ಲಿ ಬೇರೆಯವರ ಕಲ್ಲುಗಳೂ ಎದ್ದವು. ಒಂದು ದಿನ ಕೆಂಚನೆಂಬವನ ಹೊಸ ಕಲ್ಲಿಗೆ ಹೂವಿಟ್ಟು ಸುಮ್ಮನೆ ಕೈಯಾಡಿಸಿದಳು. ಬೆರಳಿಗೆ ಅದೇ ಸುಳಿ, ಅದೇ ಕೊಂಬು ಸಿಕ್ಕವು. ಆಚೆಯ ಕಲ್ಲನ್ನು ಮುಟ್ಟಿದಳು, ಅದರಾಚೆಯದನ್ನೂ ಮುಟ್ಟಿದಳು. ಐದರಲ್ಲೂ ಅವಳ ಗಂಡ ಎಸರಿಡು ಎನ್ನುತ್ತಿದ್ದ. ಕೆಂಚನಿಗಂತೂ ಮದುವೆಯೇ ಆಗಿರಲಿಲ್ಲ!

ಓದು ಬಾರದವಳಿಗೆ ಹೇಗೆ ತಿಳಿದೀತು ಎಂದು ಅವಳು ಅಣ್ಣನೆಂದು ನಂಬಿದ್ದ ಬಮ್ಮೋಜನೇ ಲೆಕ್ಕ ಹಾಕಿದ್ದ. ಗಂಡ ಸತ್ತ ದಿನಕ್ಕಿಂತ ಈ ದಿನವೇ ಹೆಚ್ಚು ನೊಂದು, ಅವಳು ನೇರ ಅವನ ಮನೆಗೆ ಹೋಗಿ ಕೇಳಿದಳು. ಬಮ್ಮೋಜ ತಲೆ ತಗ್ಗಿಸಿ, "ಬಂದವ್ರೆಲ್ಲ ಅದನ್ನ ಕೇಳಿದ್ರವ್ವಾ. ನನಗ ಅಂಥಾ ಇನ್ನೊಂದು ಮಾತು ಹುಟ್ಟಲಿಲ್ಲ" ಎಂದ.

"ಹುಟ್ಟದಿದ್ರ ಸುಮ್ನಿರಬೇಕಿತ್ತು. ನನ್ನ ಮಾತನ್ನ ಸವಕಲು ಮಾಡಿಬಿಟ್ಟಿ."

ಅಂದಿನಿಂದ ಅವಳು ಕೆರೆಯ ಮರಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಗಂಡನ ಕಲ್ಲನ್ನು ಉಜ್ಜತೊಡಗಿದಳು. ಮೂರು ಮಳೆಗಾಲ ಉಜ್ಜಿದಳಂತೆ. ಉಳಿದ ಐದನ್ನು ಮುಟ್ಟಲಿಲ್ಲ.

ಈಗಲೂ ಆ ತಗ್ಗಿನಲ್ಲಿ ಅಂಗೈ ಇಟ್ಟರೆ ಸರಿಯಾಗಿ ಕೂರುತ್ತದೆ. ಬಂದವರು ಮಿಕ್ಕ ಕಲ್ಲುಗಳನ್ನು ಓದಿ, "ಎಸರಿಡು, ಬಂದೆ" ಎಂದದ್ದು ಯಾರು ಎಂದು ಕೇಳುತ್ತಾರೆ. ಊರಿನವರು ಆ ಬೋಳು ಕಲ್ಲನ್ನು ತೋರಿಸುತ್ತಾರೆ.